ಹೋರಿ ನೋಡುವ ಕಣ್ಣು

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ನಮ್ಮ ನ್ಯಾಮತಿ, ಹೊನ್ನಾಳಿಗಳಿಂದ ಹಿಡಿದು ಶಿಕಾರಿಪುರ, ಸೊರಬ, ಹಿರೇಕೆರೂರು, ಹಾನಗಲ್ಲುಗಳವರೆಗೆ ಹೋರಿ ಬೆದರಿಸುವ ಕಾಲ ಆರಂಭವಾಯಿತೆಂದೇ ಅರ್ಥ. ಅಲ್ಲಿಂದ ಮುಂದೆ ಕೆಲವು ತಿಂಗಳು ಒಂದಲ್ಲ ಒಂದು ಊರಿನಲ್ಲಿ ಅದು ನಡೆಯುತ್ತಲೇ ಇರುತ್ತದೆ. ಈ ಸೀಮೆಯಲ್ಲಿಯೇ ಉಳಿದಿರುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರದೂರುಗಳಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ಎರಡು ಮಾತು ಹೇಳುತ್ತೇನೆ. ಕೊರಳಿಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲು ತೊಡಿಸಿದ ಹೋರಿಯನ್ನು ಇಕ್ಕೆಲಗಳಲ್ಲಿ ಜನ ಕಿಕ್ಕಿರಿದ ಅಖಾಡಕ್ಕೆ ಬಿಡುತ್ತಾರೆ. ಹಲಗೆಯ ಬಡಿತಕ್ಕೆ, ಕೇಕೆಗೆ, ಪಟಾಕಿಯ ಸದ್ದಿಗೆ ಅದು ಓಡುತ್ತದೆ. ನಡುವೆ ನಿಂತ ತರುಣರು ಅದನ್ನು ತಡೆದು ಕೊಬ್ಬರಿ ಹರಿಯಲು ಹವಣಿಸುತ್ತಾರೆ. ಕೊಬ್ಬರಿ ಉಳಿಸಿಕೊಂಡು ಪಾರಾದ ಹೋರಿ ಗೆದ್ದಂತೆ. ಸವಾರನಿಲ್ಲ, ಬಂಡಿಯಿಲ್ಲ, ಎಲ್ಲ ತೀರ್ಮಾನವೂ ಹೋರಿಯದೇ.

ಡಬ್ಲಿನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ಕಿಲ್ಡೇರ್ ಪ್ರಾಂತದ ಪಂಚೆಸ್‌ಟೌನಿನಲ್ಲಿ ವಸಂತಕಾಲದಲ್ಲಿ ಐದು ದಿನ ನಡೆಯುವ ಕುದುರೆಯೋಟದ ಉತ್ಸವವನ್ನು ನೋಡಿಬಂದು ನನಗೊಂದು ದೀರ್ಘವಾದ ಪತ್ರ ಬರೆದಿದ್ದಳು. ಈ ಲೇಖನಕ್ಕೆ ಅದೇ ಪ್ರೇರಣೆ. ಅಲ್ಲಿಯ ಕುದುರೆಗಳು ಬರಿದೆ ಓಡಿದರೆ ಸಾಲದು, ಬೇಲಿಗಳನ್ನು ಹಾರಬೇಕು. ೧೭೫೨ರಲ್ಲಿ ಕಾರ್ಕ್ ಪ್ರಾಂತದ ಇಬ್ಬರು ಪಂಥ ಕಟ್ಟಿ, ಬಟಿವಂಟ್ ಎಂಬ ಊರಿನ ಚರ್ಚಿನಿಂದ ಡೊನರೈಲ್ ಎಂಬ ಊರಿನ ಚರ್ಚಿನವರೆಗೆ, ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಹೊಲಗದ್ದೆಗಳ ಮೇಲೆ ಕುದುರೆ ಓಡಿಸಿದ್ದೇ ಈ ಆಟದ ಮೂಲವೆಂಬುದು ಪ್ರತೀತಿ. ಸ್ಟೀಪಲ್ ಎಂದರೆ ಚರ್ಚಿನ ಗೋಪುರವಲ್ಲವೆ? ಸ್ಟೀಪಲ್‌ಚೇಸ್ ಎಂಬ ಹೆಸರು ಬಂದದ್ದು ಹಾಗೆ. ಆದರೆ ಅವಳ ಮನಸ್ಸನ್ನು ಸೆಳೆದದ್ದು ಓಟವಲ್ಲ. ಓಟಕ್ಕೆ ಮುನ್ನ ಕುದುರೆಗಳನ್ನು ವೃತ್ತಾಕಾರವಾಗಿ ನಡೆಸುವಾಗ ಕಟಾಂಜನಕ್ಕೆ ಒರಗಿ ಮಾತಿಲ್ಲದೆ ನೋಡುತ್ತಿದ್ದ ವೃದ್ಧರು. "ಸರ್, ನಮ್ಮೂರಿನಲ್ಲಿ ಹೋರಿ ನೋಡುವ ಅಜ್ಜಂದಿರೇ ಅಲ್ಲಿ ಟೋಪಿ ಹಾಕಿಕೊಂಡು ನಿಂತಂತಿತ್ತು" ಎಂದು ಬರೆದಿದ್ದಳು.

ಅಲ್ಲಿ ಅಚ್ಚಾದ ಪುಸ್ತಿಕೆ ಕೈಯಲ್ಲಿರುತ್ತದೆ. ಯಾವ ಕುದುರೆ ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು, ಎಲ್ಲಿ ಬಿತ್ತು, ಎಲ್ಲಿ ಸವಾರನನ್ನು ಕೆಡವಿತು, ಈ ದಿನ ಎಷ್ಟು ಭಾರ ಹೊತ್ತು ಓಡಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಮಳೆ ಬಿದ್ದು ನೆಲ ಎಷ್ಟು ಮೆತ್ತಗಾಗಿದೆಯೆಂಬುದನ್ನೂ ಘೋಷಿಸುತ್ತಾರೆ. ಏಕೆಂದರೆ ಗಟ್ಟಿ ನೆಲದಲ್ಲಿ ಮಿಂಚಿನಂತೆ ಓಡುವ ಕುದುರೆ ಕೆಸರಿನಲ್ಲಿ ಏದುಸಿರು ಬಿಡಬಹುದು. ನಮ್ಮಲ್ಲಿ ಅಂತಹ ಪುಸ್ತಿಕೆಯಿಲ್ಲ. ಬದಲಿಗೆ ಹೋರಿಯ ಭಾವಚಿತ್ರವಿರುವ ಫ್ಲೆಕ್ಸು, ಅದಕ್ಕೊಂದು ಸಿನಿಮಾ ನಾಯಕನ ಹೆಸರು, ಅದೇ ಹೆಸರಿನ ಅಂಗಿ ತೊಟ್ಟ ಅಭಿಮಾನಿಗಳು, ಮೊಬೈಲಿನ ವಿಡಿಯೋಗಳು ಇವೆ. ಗೆದ್ದ ಓಟದ ವಿಡಿಯೋ ಎಲ್ಲರ ಬಳಿಯೂ ಇರುತ್ತದೆ, ಸೋತದ್ದು ಯಾರ ಬಳಿಯೂ ಇರುವುದಿಲ್ಲ. ಮೂವತ್ತು ವರ್ಷ ಅಂಕಪಟ್ಟಿ ಬರೆದ ನನಗೆ ಇಂತಹ ದಾಖಲೆಯಲ್ಲಿ ನಂಬಿಕೆ ಹುಟ್ಟುವುದು ಕಷ್ಟ.

ನಂಬಬೇಕಾದದ್ದು ಹಿರಿಯರ ಕಣ್ಣನ್ನು. ನಮ್ಮ ಓಣಿಯಲ್ಲಿ ಅಂತಹ ಒಬ್ಬರಿದ್ದರು. ಹರೆಯದಲ್ಲಿ ಜಾತ್ರೆಯಿಂದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗಿ ವ್ಯಾಪಾರ ಮಾಡಿದವರು. ಊರಿಗೆಲ್ಲ ಅಜ್ಜ. ಹೊಸಬರು ಹೋರಿಯನ್ನು ಮುಂದಿನಿಂದ ನೋಡುತ್ತಾರೆ: ಕೊಂಬು ಹೇಗೆ ಹಿಂದಕ್ಕೆ ಬಾಗಿದೆ, ಹಿಣಿಲು ಎಷ್ಟು ಎತ್ತರ, ಗಂಗೆದೊಗಲು ಎಷ್ಟು ಚೊಕ್ಕ, ಸುಳಿಗಳು ಎಲ್ಲೆಲ್ಲಿ ಬಿದ್ದಿವೆ. ತಳಿಯ ಚರ್ಚೆ ಬೇರೆ. ಹಳ್ಳಿಕಾರ್ ಮೇಲೋ, ಖಿಲಾರಿ ಮೇಲೋ, ಹೈದರ್ ಮತ್ತು ಟಿಪ್ಪುವಿನ ತೋಪುಗಾಡಿಗಳನ್ನು ಎಳೆದು ಹೆಸರಾದ, ಅಜ್ಜಂಪುರದಲ್ಲಿ ಇಂದಿಗೂ ಸಂವರ್ಧನಾ ಕೇಂದ್ರವಿರುವ ಅಮೃತಮಹಲ್ ಮೇಲೋ ಎಂಬ ವಾದಕ್ಕೆ ಚಹದಂಗಡಿಯಲ್ಲಿ ಕೊನೆಯೇ ಇರುವುದಿಲ್ಲ. ಅಜ್ಜ ಇದಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸಿ ಪ್ರಾಯ ತಿಳಿದುಕೊಂಡ ಮೇಲೆ ನೇರವಾಗಿ ಹಿಂಬದಿಗೆ ಹೋಗಿ ನಿಲ್ಲುತ್ತಿದ್ದರು.

"ಮುಂದಿನ ಕಾಲು ತೋರಿಸ್ಕೊಳ್ಳೋದಕ್ಕೆ, ಹಿಂದಿನ ಕಾಲು ಓಡೋದಕ್ಕೆ" ಎಂಬುದು ಅವರ ಮಾತು. ಹೋರಿಯನ್ನು ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಮತ್ತೆ ನಡೆಸಿ ಎನ್ನುತ್ತಿದ್ದರು. ತಿರುಗುವಾಗ ಹಿಂಗಾಲಿನ ಗೊರಸು ನೆಲದ ಮೇಲೆ ಹೇಗೆ ಊರಿತೆಂಬುದು ಅವರಿಗೆ ಬೇಕು. ಅಖಾಡದಲ್ಲಿ ನೆಟ್ಟಗೆ ಓಡುವುದಕ್ಕಿಂತ ಜನರ ಗೋಡೆಯೆದುರು ಫಕ್ಕನೆ ಪಕ್ಕಕ್ಕೆ ಹೊರಳುವುದೇ ಮುಖ್ಯವಷ್ಟೆ? ಆಮೇಲೆ ದೂರದಲ್ಲಿ ಹಲಗೆ ಬಡಿಸುತ್ತಿದ್ದರು. ಸದ್ದಿಗೆ ಬಾಲವೆತ್ತಿ ಕುಣಿದು ನೊರೆ ಸುರಿಸುವ ಹೋರಿಯನ್ನು ಕಂಡು ಹುಡುಗರು ಸಿಳ್ಳೆ ಹಾಕುವರು. ಅಜ್ಜನಿಗೆ ಅದು ಹಿಡಿಸದು, ಅಂಥದ್ದು ಬಿಡುವ ಮೊದಲೇ ಅರ್ಧ ಸುಸ್ತಾಗಿರುತ್ತದೆ. ಕಿವಿಯೊಂದನ್ನೇ ತಿರುಗಿಸಿ, ಮೈ ಅಲುಗಿಸದೆ ನಿಂತು, ಕಣ್ಣಿನಲ್ಲಿ ಸಂದಿ ಹುಡುಕುವ ಹೋರಿಯನ್ನು ಕಂಡರೆ "ಇದಕ್ಕೆ ಬುದ್ಧಿ ಐತಿ" ಎನ್ನುತ್ತಿದ್ದರು. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಅದು.

ಹೋರಿಯನ್ನು ಅಳೆದ ಮೇಲೆ ಅಖಾಡವನ್ನೂ ಅಳೆಯಬೇಕು. ಊರೊಳಗಿನ ಸಿಮೆಂಟು ರಸ್ತೆಯಾದರೆ ಗೊರಸು ಜಾರುತ್ತದೆ, ಕೊಯ್ದ ಹೊಲವಾದರೆ ಕೂಳೆ ಚುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಖಾಡದ ತುದಿ. ಹೋರಿ ಗೆದ್ದ ಮೇಲೂ ನಿಲ್ಲುವುದಿಲ್ಲ. ಅಲ್ಲಿ ಬೇಲಿಯಿಲ್ಲದಿದ್ದರೆ ಅದು ನುಗ್ಗುವುದು ಸುಮ್ಮನೆ ನೋಡಲು ಬಂದವರ ಮೇಲೆ. ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ, ದುಂಡಗಿನ ಅಕ್ಷರದ ಹುಡುಗನೊಬ್ಬ ಹಾಗೆಯೇ ತಿವಿತಕ್ಕೆ ಸಿಕ್ಕು ತೀರಿಕೊಂಡ. ಅವನು ಹೋರಿ ಹಿಡಿಯುವವನಾಗಿರಲಿಲ್ಲ. ೨೦೧೪ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮುಂತಾದವುಗಳನ್ನು ನಿಷೇಧಿಸಿದಾಗ ನಮ್ಮ ಸೀಮೆಯಲ್ಲಿಯೂ ತಳಮಳವುಂಟಾಗಿತ್ತು. ೨೦೧೭ರಲ್ಲಿ ನಮ್ಮ ವಿಧಾನಮಂಡಲವು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳಿಗೆ ಅವಕಾಶ ಕೊಡುವ ತಿದ್ದುಪಡಿ ತಂದಿತು. ೨೦೨೩ರ ಮೇ ೧೮ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ಹಿಂಸೆಯಾಗಬಾರದೆಂಬುದು ಕಾನೂನಿನ ಷರತ್ತು. ನಮ್ಮಲ್ಲಿ ಎಷ್ಟು ಆಯೋಜಕರು ಅದನ್ನು ಓದಿದ್ದಾರೆಂದು ಕೇಳಿದರೆ ನನ್ನ ಮೇಲೆ ಮುನಿಸಿಕೊಳ್ಳುವವರಿದ್ದಾರೆ, ಮುನಿಸಿಕೊಳ್ಳಲಿ.

ಅಜ್ಜನ ಕಡೆಯ ವರ್ಷಗಳಲ್ಲಿ ನಡೆದ ಪ್ರಸಂಗವೊಂದನ್ನು ಹೇಳದೆ ಮುಗಿಸಲಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡೆಕರೆ ಮೆಕ್ಕೆಜೋಳದ ಹೊಲದವನು, ಕರುವಿನಿಂದ ಸಾಕಿದ ಹೋರಿಯೊಂದನ್ನು ಕಟ್ಟಿದ್ದ. ಮನೆಯಲ್ಲಿ ಹಾಲಿಗೆ ನೀರು ಬೆರೆತರೂ ಅದಕ್ಕೆ ಹುರುಳಿ, ಹತ್ತಿಕಾಳು, ಮೊಟ್ಟೆ ತಪ್ಪಿಸಿದವನಲ್ಲ. ಅದು ಎರಡು ಕಡೆ ಕೊಬ್ಬರಿ ಉಳಿಸಿಕೊಂಡು ಬಂದಿತ್ತು. ಹಾವೇರಿ ಕಡೆಯ ಒಬ್ಬರು ಈ ಅಖಾಡವನ್ನೂ ದಾಟಿದರೆ ಕೊಳ್ಳುವೆನೆಂದು ಹೇಳಿದ್ದ ಬೆಲೆಯಲ್ಲಿ ಅವನ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕವೂ, ಹಳೆಯ ಬೆಳೆಸಾಲವೂ ತೀರುವಂತಿತ್ತು. ಅವನು ನನ್ನನ್ನೂ ಅಜ್ಜನನ್ನೂ ಬೆಳಗಿನಲ್ಲಿಯೇ ಕರೆದೊಯ್ದ.

ಅಜ್ಜ ಹೋರಿಯ ಹಿಂದೆ ನಿಂತು ಎರಡು ಸಲ ತಿರುಗಿಸಿಸಿದರು. ನನಗೇನೂ ಕಾಣಲಿಲ್ಲ. "ತಮ್ಮಾ, ಬಲಗಾಲು ಊರೋದಕ್ಕೆ ಅನುಮಾನ ಮಾಡ್ತೈತಿ. ಗೊರಸಿನೊಳಗೆ ಏನೋ ಐತಿ. ಇವತ್ತು ಬಿಡಬ್ಯಾಡ" ಎಂದರು.

"ಒಂದೇ ಓಟ ಅಜ್ಜಾ, ಆಮೇಲೆ ಆರೈಕೆ ಮಾಡ್ತೀನಿ."

"ಓಡತೈತಿ. ಹೊರಳೋವಾಗ ಬೀಳತೈತಿ. ಎಲ್ಲಿ ಬೀಳತೈತಿ, ಯಾರ ಮ್ಯಾಲೆ ಬೀಳತೈತಿ, ಅದನ್ನ ನಾನು ಹೇಳಲಾರೆ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೊಂಬಿನ ಬಲೂನುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅಖಾಡದ ಪಕ್ಕದ ಹುಣಿಸೆಮರಕ್ಕೆ ಕಟ್ಟಿದ ಹೋರಿ ಹಲಗೆಯ ಸದ್ದಿಗೆ ಹಗ್ಗ ಜಗ್ಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೊಳ್ಳುವವರು ಬಂದರು. ನೋಡಲು ಕಲ್ಲಿನ ಬಸವಣ್ಣನಂತಿತ್ತು, ಅವರಿಗೆ ಆಸೆ ಬಿಟ್ಟಿರಲಿಲ್ಲ. ಓಡಿಸದಿದ್ದರೂ ಚಿಂತೆಯಿಲ್ಲ, ಹೇಳಿದ ಬೆಲೆಗೇ ಒಯ್ಯುತ್ತೇನೆಂಬ ಮನಸ್ಸಿನಿಂದ, ಪಕ್ಕದಲ್ಲಿ ಕುಳಿತಿದ್ದ ಅಜ್ಜನನ್ನು ಯಾರೆಂದರಿಯದೆ, "ಏನಂತೀರಿ ಯಜಮಾನ್ರೇ, ಹೋರಿ ಹೆಂಗೈತಿ?" ಎಂದು ಕೇಳಿದರು. ನನ್ನ ವಿದ್ಯಾರ್ಥಿ ಎರಡು ಮಾರು ದೂರದಲ್ಲಿ ಹುಲ್ಲು ಹಿಡಿದು ನಿಂತಿದ್ದ.

"ಬುದ್ಧಿ ಐತಿ ಇದಕ್ಕೆ. ಹಿಂದಿನ ಬಲಗಾಲು ನೋಡಿ ತಗೊಳ್ರಿ" ಎಂದರು ಅಜ್ಜ.

ಅವರು ನೋಡಿದರು. ಕಾಲು ವಾಸಿಯಾದ ಮೇಲೆ ಬರುವೆನೆಂದು ಹೇಳಿ ಹೋದರು. ನನ್ನ ವಿದ್ಯಾರ್ಥಿ ಏನೂ ಅನ್ನದೆ ಹೋರಿಯನ್ನು ಟೆಂಪೋಕ್ಕೆ ಹತ್ತಿಸಿ ಕಟ್ಟಿದ. ಆಮೇಲೆ ಮರದಡಿಗೆ ಬಂದು, ಅಜ್ಜನ ರಟ್ಟೆ ಹಿಡಿದು ಎಬ್ಬಿಸಿ, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ.