ಎದುರಿನಿಂದ ಯಾರೂ ಬಾರದ ರಸ್ತೆ

ನಮ್ಮ ಮನೆಯಲ್ಲಿ ವೀಕೆಂಡ್ ಟ್ರಿಪ್ ಅಂದ್ರೆ ಮೊದಲು ಜಗಳ, ಆಮೇಲೆ ಪ್ಯಾಕಿಂಗ್. ಅಮ್ಮನಿಗೆ ದೇವಸ್ಥಾನ ಬೇಕು, ಪಕ್ಕದಲ್ಲೇ ಒಂದು ಸೀರೆ ಅಂಗಡಿ ಇದ್ದರೆ ಇನ್ನೂ ಸಂತೋಷ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿರುವ ತಮ್ಮನಿಗೆ ಬೈಕ್ ಬಿಟ್ಟರೆ ಬೇರೆ ಲೋಕವಿಲ್ಲ. ಅಪ್ಪನಿಗೆ ಮನೆಯಲ್ಲೇ ಕೂತು ಪೇಪರ್ ಓದುವುದೇ ಟ್ರಿಪ್. ಇಪ್ಪತ್ತೆಂಟು ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರು, “ಊರೂರು ಸುತ್ತಿದ್ದು ಸಾಕಮ್ಮ” ಅಂತಾರೆ. ಈ ಮೂವರನ್ನೂ ಒಂದೇ ಕಾರಿನಲ್ಲಿ ಕೂರಿಸುವ ಜಾಗ ಹುಡುಕಿ ಹುಡುಕಿ ಕೊನೆಗೆ ನನಗೆ ಹೊಳೆದದ್ದು ಕಂಚಿ.

ಕಂಚಿಗೂ ಬೈಕಿಗೂ ಏನು ಸಂಬಂಧ ಅಂತೀರಾ? ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ವೆಲ್ಲೂರು, ರಾಣಿಪೇಟೆ ದಾಟಿ ಕಂಚಿ. ಅಲ್ಲಿಂದ ಮುಂದೆ ಶ್ರೀಪೆರಂಬದೂರು, ಅಂದರೆ ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು. ಅದನ್ನೂ ದಾಟಿ ಸ್ವಲ್ಪ ದೂರ ಹೋದರೆ ಇರುಂಗಾಟ್ಟುಕೋಟ್ಟೈ. ಅಲ್ಲಿದೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಆ ಭಾನುವಾರ ಅಲ್ಲಿ ರಾಷ್ಟ್ರೀಯ ಬೈಕ್ ರೇಸಿಂಗ್ ಚಾಂಪಿಯನ್‌ಷಿಪ್‌ನ ಒಂದು ಸುತ್ತು ಇತ್ತು. ಶನಿವಾರ ಅಮ್ಮನಿಗೆ, ಭಾನುವಾರ ತಮ್ಮನಿಗೆ ಅಂತ ಒಪ್ಪಂದವಾಯಿತು. “ನನಗೇನು?” ಅಂತ ಅಪ್ಪ ಕೇಳಿದಾಗ “ನಿಮಗೆ ಮುಂದಿನ ಸೀಟು” ಅಂದೆ.

ಒಪ್ಪಂದದ ಹಿಂದೆ ನನ್ನದೂ ಒಂದು ಲೆಕ್ಕವಿತ್ತು. ತಮ್ಮ ಭಾನುವಾರ ಬೆಳಗಾಗುವ ಮೊದಲೇ ನಂದಿಬೆಟ್ಟದ ಕಡೆ ಬೈಕ್ ಹತ್ತುವವನು. ಎರಡು ತಿಂಗಳ ಹಿಂದೆ ಅದೇ ರಸ್ತೆಯಲ್ಲಿ ಅವನ ಸ್ನೇಹಿತ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಅವತ್ತಿನಿಂದ ಅಪ್ಪನಿಗೂ ತಮ್ಮನಿಗೂ ಮಾತು ಅಷ್ಟಕ್ಕಷ್ಟೇ. ಅಪ್ಪನ ಬಳಿ ಅಪಘಾತವಿಲ್ಲದ ಸೇವೆಗೆ ಕೊಟ್ಟ ಬೆಳ್ಳಿ ಪದಕ ಇದೆ. ಅದನ್ನು ನೋಡಿ ನೋಡಿ ತಮ್ಮನಿಗೆ ಸಾಕಾಗಿತ್ತು. ಇಬ್ಬರೂ ಒಂದೇ ಕಡೆ ನೋಡುತ್ತಾ ಕೂರಲಿ, ಮಾತು ತಾನಾಗಿ ಬಂದೀತು ಅನ್ನೋದು ನನ್ನ ಆಸೆ.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಸ್ಟೀರಿಂಗ್ ನನ್ನ ಕೈಯಲ್ಲಿ. ಬೇರೆಯವರು ಓಡಿಸುವಾಗ ಅಪ್ಪ ಕಣ್ಣು ಮುಚ್ಚಿದ್ದನ್ನು ನಾವ್ಯಾರೂ ನೋಡಿಲ್ಲ. ಪಕ್ಕದಲ್ಲಿ ಕೂತು ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಲೇ ಇರುತ್ತಾರೆ. ಹಿಂದಿನ ಸೀಟಿನಲ್ಲಿ ತಮ್ಮ ಹೆಡ್‌ಫೋನ್ ಹಾಕಿಕೊಂಡಿದ್ದ.

ಕಂಚಿಯಲ್ಲಿ ಮೊದಲು ಹೋಗಿದ್ದು ಕೈಲಾಸನಾಥ ದೇವಸ್ಥಾನಕ್ಕೆ. ಎಂಟನೇ ಶತಮಾನದ ಆರಂಭದಲ್ಲಿ ಪಲ್ಲವರ ರಾಜಸಿಂಹ ಕಟ್ಟಿಸಿದ ಮರಳುಗಲ್ಲಿನ ಗುಡಿ. ಹೆಚ್ಚು ಜನಜಂಗುಳಿ ಇರಲಿಲ್ಲ. ಇಲ್ಲಿಯ ಮುಂಭಾಗದ ಮಂಟಪದ ಕಂಬವೊಂದರಲ್ಲಿ ಕನ್ನಡ ಶಾಸನ ಇದೆ ಅಂತ ಓದಿಕೊಂಡು ಹೋಗಿದ್ದೆ. ಬರೆಸಿದವನು ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ. ಅವನಿಗೆ ನೂರು ವರ್ಷ ಮುಂಚೆ ಪಲ್ಲವರು ಬಾದಾಮಿಯನ್ನು ಹಾಳುಗೆಡವಿದ್ದರು. ಇವನು ಕಂಚಿಯನ್ನು ಗೆದ್ದ, ಆದರೆ ಊರನ್ನು ಸುಡಲಿಲ್ಲ. ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆ ಅಂತ ಬರೆಸಿ ಹಿಂದಿರುಗಿದ. ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇವತ್ತಿನ ವಿರೂಪಾಕ್ಷ ದೇವಸ್ಥಾನ.

ಕತೆ ಕೇಳಿ ಅಪ್ಪ ಕಂಬ ಸವರಿದರು. “ಕೈಯಲ್ಲಿ ಎಲ್ಲಾ ಇತ್ತು, ಆದ್ರೂ ತಡ್ಕೊಂಡ. ದೊಡ್ಡೋನು” ಅಂದರು. ತಮ್ಮ ಹೆಡ್‌ಫೋನ್ ತೆಗೆದು, “ಗೊತ್ತಾಯ್ತು ಬಿಡಪ್ಪ, ಇದೂ ನನಗೇ” ಅಂದ. ಅಮ್ಮ ನಕ್ಕುಬಿಟ್ಟಳು. ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಅತಿ ಉದ್ದದ ಮಾತು ಅದೇ ಇರಬೇಕು.

ಮಧ್ಯಾಹ್ನ ಮೆಣಸು, ಜೀರಿಗೆ, ಒಣಶುಂಠಿ ಹಾಕಿದ ಕಂಚಿ ಇಡ್ಲಿ. ಸಂಜೆ ಕಾಮಾಕ್ಷಿ ದರ್ಶನ. ಆಮೇಲೆ ರೇಷ್ಮೆ ಅಂಗಡಿಯಲ್ಲಿ ಎರಡು ಗಂಟೆ, ಒಂದು ಸೀರೆ. ಅಮ್ಮನ ಪಾಲು ಮುಗಿಯಿತು.

ಭಾನುವಾರ ಎಂಟೂವರೆಗೆ ಟ್ರ್ಯಾಕ್ ತಲುಪಿದೆವು. ಉದ್ದ 3.717 ಕಿ.ಮೀ., ತಿರುವು 12. ಶುರುವಾದದ್ದು 1990ರಲ್ಲಿ. ಅದಕ್ಕೂ ಮೊದಲು ಮದ್ರಾಸಿನ ರೇಸ್‌ಗಳು ಶೋಳವರಂನ ಹಳೆಯ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದವಂತೆ. ಮೊದಲ ರೇಸ್ ನೋಡಿ ಅಪ್ಪ, “ಹೊರಟ ಜಾಗಕ್ಕೇ ವಾಪಸ್ ಬರೋಕೆ ಇಷ್ಟು ಅವಸರ ಯಾಕೋ?” ಅಂದರು. ಆದರೆ ಹತ್ತೇ ನಿಮಿಷದಲ್ಲಿ ಅವರೊಳಗಿನ ಡ್ರೈವರ್ ಎದ್ದು ಕೂತ.

“ಕನ್ನಡಿ ಇಲ್ವಲ್ಲ ಗಾಡಿಗೆ!”

“ಬೇಡಪ್ಪ. ಮುಂದೆ ನೋಡಿದ್ರೆ ಸಾಕು. ದಾಟೋನು ಹಿಂದಿನವನು, ಜವಾಬ್ದಾರಿ ಅವನದ್ದು.”

“ಹಾರ್ನೂ ಇಲ್ಲ, ಲೈಟೂ ಇಲ್ಲ. ಶಿರಾಡಿ ಘಾಟಿ ಇಳಿಸಿ ನೋಡೋಣ ಇವರನ್ನ.”

ತಮ್ಮ ಒಂದೊಂದೇ ಬಾವುಟದ ಅರ್ಥ ಹೇಳಿಕೊಟ್ಟ. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕುವಂತಿಲ್ಲ. ಕೆಂಪು ಬಂದರೆ ರೇಸ್ ನಿಂತಿತು. ನೀಲಿ ಅಂದರೆ ಹಿಂದೆ ವೇಗದವನಿದ್ದಾನೆ, ದಾರಿ ಬಿಡು. ಅಪ್ಪ ತಲೆದೂಗಿ, “ನಮ್ಮ ಕಂಡಕ್ಟರ್ ರೈಟ್ ರೈಟ್, ಹೋಲ್ಡಾನ್ ಇದ್ದಂಗೆ” ಅಂದರು. ಹುಡುಗಿಯರ ರೇಸ್ ಬಂದಾಗ ಅಮ್ಮ ಎದ್ದೇ ನಿಂತಳು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದಿದ್ದನ್ನು ತಮ್ಮ ಹೇಳಿದಾಗ, “ನೋಡು, ಅವಳ ಅಮ್ಮ ಹೇಗೆ ತಡ್ಕೊಂಡಿರ್ತಾಳೋ” ಅಂದಳು.

ಊಟದ ಹೊತ್ತಿಗೆ ಮುಂಚೆ ಒಬ್ಬ ಹುಡುಗ ನಮ್ಮ ಎದುರಿನ ತಿರುವಿನಲ್ಲೇ ಬಿದ್ದ. ಬೈಕ್ ಒಂದು ಕಡೆ, ಅವನು ಒಂದು ಕಡೆ ಜಾರುತ್ತಾ ಟ್ರ್ಯಾಕ್ ಆಚೆ ಹೋದರು. ಅಮ್ಮ ನನ್ನ ಕೈ ಹಿಂಡಿದಳು. ಅಷ್ಟರಲ್ಲಿ ಹಳದಿ ಬಾವುಟ ಬೀಸಿತು, ಮಾರ್ಷಲ್‌ಗಳು ಓಡಿದರು. ಆಂಬುಲೆನ್ಸ್ ಬೆಳಿಗ್ಗೆಯಿಂದ ಇಂಜಿನ್ ಕಡೆ ಮುಖ ಮಾಡಿಕೊಂಡ ಡ್ರೈವರ್ ಸಮೇತ ಅಲ್ಲೇ ಕಾದಿತ್ತು. ಹುಡುಗ ಎದ್ದ. ಲೆದರ್ ಸೂಟ್ ಕೊಡವಿಕೊಂಡು ನಡೆದೇ ಹೋದ.

ಅಪ್ಪ ತುಂಬ ಹೊತ್ತು ಆ ತಿರುವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: “ಇಲ್ಲಿ ಎದುರಿನಿಂದ ಯಾರೂ ಬರಲ್ಲ ನೋಡು. ಲಾರಿ ಇಲ್ಲ, ಹಸು ಇಲ್ಲ, ರಸ್ತೆ ದಾಟೋ ಅಜ್ಜಿ ಇಲ್ಲ. ಬಿದ್ರೆ ಜಾರೋಕೆ ಜಾಗ ಬಿಟ್ಟಿದ್ದಾರೆ, ಎತ್ತೋಕೆ ಜನ ಕಾದಿದ್ದಾರೆ. ಸ್ಪೀಡು ತಪ್ಪು ಅಂತ ನಾನು ಹೇಳಲ್ಲ ಮಗ. ನಿನ್ನ ಫ್ರೆಂಡ್ ಬಿದ್ದಾಗ ಬಾವುಟ ತೋರಿಸೋಕೆ ಯಾರಿದ್ರು?”

ತಮ್ಮ ಉತ್ತರ ಕೊಡಲಿಲ್ಲ. ಟ್ರ್ಯಾಕಿನಲ್ಲಿ ಬೈಕುಗಳು ಒಂದು ಸುತ್ತು ಮುಗಿಸಿ ಬಂದವು.

“ನಾನಿದ್ದೆ” ಅಂದ. “ಹಿಂದಿನ ಬೈಕು ನನ್ನದೇ. ಬರೋ ಗಾಡಿಗಳಿಗೆಲ್ಲ ಅಡ್ಡ ನಿಂತು ಕೈ ಬೀಸ್ತಾ ಇದ್ದೆ. ಯಾರೂ ಸ್ಲೋ ಮಾಡ್ಲಿಲ್ಲ. ಕೊನೆಗೆ ಹಾಲಿನ ವ್ಯಾನ್‌ನವನು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ.”

ಅವನು ಆ ದಿನ ಮನೆಯಲ್ಲಿ ಮಲಗಿದ್ದ ಅಂತಲೇ ನಾವೆಲ್ಲ ನಂಬಿದ್ದೆವು. ಅಮ್ಮ ಬೈಯಲಿಲ್ಲ. ಡಬ್ಬಿ ಬಿಚ್ಚಿ ಮೊಸರನ್ನ ಅವನ ಕೈಗಿಟ್ಟಳು. ಅಪ್ಪನೂ ಏನೂ ಅನ್ನಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟವರು ಮುಂದಿನ ರೇಸ್ ಮುಗಿಯುವವರೆಗೂ ತೆಗೆಯಲಿಲ್ಲ.

ನೀವೂ ಹೋಗುವುದಾದರೆ ಮೊದಲು ರೇಸ್ ಕ್ಯಾಲೆಂಡರ್ ನೋಡಿಕೊಳ್ಳಿ, ಎಲ್ಲಾ ಭಾನುವಾರ ರೇಸ್ ಇರುವುದಿಲ್ಲ. ಟೋಪಿ, ನೀರು, ಕಿವಿಗೆ ಹತ್ತಿ ಮರೆಯಬೇಡಿ. ಬಿಸಿಲು ಮತ್ತು ಸದ್ದು ಎರಡೂ ಜೋರು. ಕಂಚಿಯ ದೇವಸ್ಥಾನಗಳನ್ನು ಮಧ್ಯಾಹ್ನ ಮುಚ್ಚುತ್ತಾರೆ, ಹಾಗಾಗಿ ಬೆಂಗಳೂರು ಬೇಗ ಬಿಡಿ.

ಟ್ರ್ಯಾಕಿನಲ್ಲಿ ಓಡಿಸಲು ಕಲಿಸುವ ತರಬೇತಿಯ ಬಗ್ಗೆ ತಮ್ಮ ಆಮೇಲೆ ವಿಚಾರಿಸಿದ. ದುಡ್ಡು ಕೂಡಿಸುತ್ತಿದ್ದಾನೆ. ಅಪ್ಪ ಬೇಡ ಅಂದಿಲ್ಲ. ನಂದಿಬೆಟ್ಟಕ್ಕೆ ಹೋಗುವುದನ್ನು ಅವನು ಪೂರ್ತಿ ಬಿಟ್ಟ ಅಂತಲೂ ಹೇಳಲಾರೆ. ಹೋಗುವ ಮುಂಚೆ ಹೇಳಿ ಹೋಗುತ್ತಾನೆ, ಅಷ್ಟು ಹೇಳಬಲ್ಲೆ.

ವಾಪಸ್ ಬರುವಾಗ ಕಾರು ಓಡಿಸಿದ್ದು ಅವನು. ಪಕ್ಕದಲ್ಲಿ ಅಪ್ಪ. ರಾಣಿಪೇಟೆಯವರೆಗೂ ಅವರ ಬಲಗಾಲು ಬ್ರೇಕ್ ಒತ್ತುತ್ತಲೇ ಇತ್ತು. ವೆಲ್ಲೂರು ದಾಟಿದ ಮೇಲೆ ಮುಂದಿನ ಸೀಟಿನಿಂದ ಸಣ್ಣ ಗೊರಕೆ ಕೇಳಿಸಿತು. ಅಮ್ಮ ನನ್ನ ಕಡೆ ನೋಡಿದಳು. ತಮ್ಮ ಹಾಡಿನ ಸದ್ದು ಕಡಿಮೆ ಮಾಡಿ, ಮುಂದಿದ್ದ ಲಾರಿಯನ್ನು ದಾಟದೆ ಅದರ ಹಿಂದೆಯೇ ಸುಮಾರು ದೂರ ಬಂದ.