ಹ್ಯಾಂಗ ಹ್ಯಾಂಗ್ ಆತು?

ಬೀದರ್ ಕಡೆಯ ಹುಡುಗ ಅಮೀರ್‌ಪೇಟ್‌ನ ಹಾಸ್ಟೆಲಿನಿಂದ ಊರಿಗೆ ಫೋನ್ ಮಾಡಿ, "ಅಪ್ಪಾ, ಕಂಪ್ಯೂಟರ್ ಹ್ಯಾಂಗ್ ಆಗ್ಯದ" ಅಂದ. ಆ ಕಡೆಯಿಂದ ಉತ್ತರ ಬಂತು: "ಹ್ಯಾಂಗ ಆಗ್ಯದ ಅಂತ ನನಗ ಕೇಳಿದ್ರ ನನಗೇನ್ ಗೊತ್ತಾಗ್ತದೋ? ನಿನ್ನ ಹತ್ರ ಅದ, ನೀನೇ ನೋಡು."

ಅಪ್ಪನ ಕಿವಿಗೆ ಅದು ಇಂಗ್ಲಿಷ್ ಪದವಾಗಿ ಬೀಳಲೇ ಇಲ್ಲ. 'ಹ್ಯಾಂಗ' ಅಂದರೆ ಅವರಿಗೆ 'ಹೇಗೆ'. ಹುಡುಗ ನಕ್ಕು ಫೋನ್ ಇಟ್ಟ. ಮುಂದಿನ ಎರಡು ತಿಂಗಳು ಅವನು ಮಾಡಬೇಕಾಗಿದ್ದ ಕೆಲಸ ಅದೊಂದೇ ಪ್ರಶ್ನೆಯಲ್ಲಿತ್ತು ಅನ್ನುವುದು ಆಗ ಹೊಳೆಯಲಿಲ್ಲ.

ಬೀದರಿನವರಿಗೆ ಹೈದರಾಬಾದ್ ಪರವೂರಲ್ಲ. 1956ರವರೆಗೆ ಇಬ್ಬರದೂ ಒಂದೇ ರಾಜ್ಯ. ಈಗಲೂ ಸುಮಾರು 140 ಕಿಲೋಮೀಟರ್, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಕೋರ್ಸಿಗೆ ಬರುವುದು ಇಲ್ಲಿಗೇ. ಮೈತ್ರಿವನಂ ಸುತ್ತಮುತ್ತಲ ಗಲ್ಲಿಗಳಲ್ಲಿ ಜಾವಾ, ಪೈಥಾನ್, ಕ್ಲೌಡ್ ಎಂದು ಪಾಂಪ್ಲೆಟ್ ಹಂಚುವವರನ್ನು ದಾಟಿ ಮೆಟ್ರೋ ಮೆಟ್ಟಿಲು ಹತ್ತುವ ಸಾವಿರಾರು ಹುಡುಗರಲ್ಲಿ ಇವನೂ ಒಬ್ಬ. ಬೆಳಿಗ್ಗೆ ಕ್ಲಾಸು, ಸಂಜೆ ಮದುವೆ ವಿಡಿಯೋ ಎಡಿಟಿಂಗ್. ಹಾಸ್ಟೆಲ್ ಬಾಡಿಗೆ ಹೊರಡುತ್ತಿದ್ದುದು ಎಡಿಟಿಂಗಿನಿಂದ. ಯಂತ್ರ ಬಂದಿದ್ದು ತೊಗರಿ ಮಾರಿದ ದುಡ್ಡಿನಿಂದ, ಅದೂ ಸೆಕೆಂಡ್ ಹ್ಯಾಂಡ್.

ಪ್ರೊಸೆಸರ್ ಇಂಟೆಲ್ ಐ5-8600ಕೆ. ಹೆಸರಿನ ಕೊನೆಯ 'ಕೆ' ಅಂದರೆ ವೇಗಕ್ಕೆ ಬೀಗ ಹಾಕಿಲ್ಲ ಎಂದರ್ಥ. ಕಂಪನಿ ಹೇಳಿದ ಗರಿಷ್ಠ ವೇಗ 4.3 ಗಿಗಾಹರ್ಟ್ಸ್; ಹುಡುಗ ಅದನ್ನು 4.9ಕ್ಕೆ ಏರಿಸಿದ್ದ. ಇದೇ ಓವರ್‌ಕ್ಲಾಕಿಂಗ್. 1998ರಲ್ಲಿ 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ ಚಿಪ್ಪನ್ನು 450ರಲ್ಲಿ ಓಡಿಸಿ ಹಿಗ್ಗಿದ ತಲೆಮಾರಿನಿಂದಲೂ ಇದೊಂದು ಚಟ. ತಯಾರಕರು ಸುರಕ್ಷತೆಗೆಂದು ಒಂದಿಷ್ಟು ಅಂತರ ಬಿಟ್ಟಿರುತ್ತಾರೆ, ಅದನ್ನು ನಾವು ತಿಂದುಕೊಳ್ಳುತ್ತೇವೆ. ಪುಕ್ಕಟೆಯಾಗೇನೂ ಅಲ್ಲ. ಚಿಪ್ಪು ಕುಡಿಯುವ ವಿದ್ಯುತ್ತು ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.20 ವೋಲ್ಟನ್ನು 1.35 ಮಾಡಿ ಈ ವೇಗ ಪಡೆದರೆ ಸಿಗುವ ಲಾಭ ಶೇ. 14, ಹೆಚ್ಚುವ ಶಾಖ ಸುಮಾರು ಶೇ. 44. ಮೇಲಿನ ಮಹಡಿಯ ಕೋಣೆ, ಮೇಲೆ ಕಾದ ಸ್ಲ್ಯಾಬು.

ಮಾರ್ಚಿನಲ್ಲಿ ಶುರುವಾಯಿತು. ಕೆಲಸದ ನಡುವೆ ಪರದೆ ಇದ್ದಲ್ಲೇ ನಿಲ್ಲುತ್ತಿತ್ತು, ಸ್ಪೀಕರಿನಲ್ಲಿ ಹಾಡಿನ ಒಂದು ಚೂರು ದುಂಬಿಯ ಹಾಗೆ ಗುಂಯ್ಗುಡುತ್ತಿತ್ತು. ಮೌಸು ಅಲುಗದು. ಸ್ವಿಚ್ ಆರಿಸಿ ಹಾಕುವುದೊಂದೇ ದಾರಿ.

ಇಲ್ಲಿ ಪದದ ತಕರಾರಿದೆ. ಆ ಹಾಸ್ಟೆಲಿನಲ್ಲಿ ಕನ್ನಡ, ತೆಲುಗು, ದಖ್ಖನಿ ಮೂರರಲ್ಲೂ ಇದಕ್ಕೆ 'ಹ್ಯಾಂಗ್' ಎಂದೇ ಹೆಸರು. ನೀಲಿ ಪರದೆ ಬಂದರೂ ಹ್ಯಾಂಗ್, ತಾನಾಗಿ ರೀಸ್ಟಾರ್ಟ್ ಆದರೂ ಹ್ಯಾಂಗ್, ಬ್ರೌಸರ್ ನಿಧಾನವಾದರೂ ಹ್ಯಾಂಗ್. ರಿಪೇರಿಯವನಿಗೆ ಇವು ಬೇರೆಬೇರೆ ಕಾಯಿಲೆಗಳು. ನೀಲಿ ಪರದೆ ಅಂದರೆ ವಿಂಡೋಸಿಗೆ ಸಾಯುವ ಮುಂಚೆ ಒಂದು ಮಾತಾಡಲು ಸಮಯ ಸಿಕ್ಕಿತು ಎಂದು. ತಾನಾಗಿ ರೀಸ್ಟಾರ್ಟ್ ಆದರೆ ಪವರ್ ಸಪ್ಲೈ ಮೇಲೆ ಅನುಮಾನ ಪಡಬಹುದು. ಪೂರ್ತಿ ಸ್ತಬ್ಧವಾದರೆ ಮಾತಿಗೂ ಪುರಸೊತ್ತಿಲ್ಲ. ಲಾಗ್ ತೆರೆದರೆ 'ಕರ್ನಲ್-ಪವರ್ 41' ಎಂಬ ಒಂದು ಸಾಲು. ಹಿಂದಿನ ಸಲ ಯಂತ್ರ ಸರಿಯಾಗಿ ಆರಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ಸ್ವಿಚ್ ಒತ್ತಿದವನಿಗೆ ಅದು ಗೊತ್ತೇ ಇದೆ.

ಮದ್ದುಗಳಿಗೆ ಬರವಿರಲಿಲ್ಲ. ಧೂಳು ಹೊಡೆದ; ಎರಡು ದಿನ ಸರಿಹೋಯಿತು. ಥರ್ಮಲ್ ಪೇಸ್ಟ್ ಬದಲಿಸಿದ, ಮೂರು ದಿನ. ಬೇರೆ ಪ್ಲಗ್ ಪಾಯಿಂಟು, ನಾಲ್ಕು ದಿನ. ರೂಮ್‌ಮೇಟು ತಮಾಷೆಗೆ ಕ್ಯಾಬಿನೆಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅದಕ್ಕೂ ನಾಲ್ಕು ದಿನ! ಅಂಗಡಿಯೊಬ್ಬರು ಐದು ನಿಮಿಷ ನೋಡಿ, "ಮದರ್‌ಬೋರ್ಡ್ ಹೋಗಿದೆ ತಮ್ಮಾ, ಬದಲಿಸಬೇಕು" ಅಂದರು. ಹುಡುಗನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಇದ್ದಿದ್ದರೆ ಬೋರ್ಡೂ ಒಂದೆರಡು ದಿನ ಗೆಲ್ಲುತ್ತಿತ್ತು.

ಯಾಕೆಂದರೆ ಲೆಕ್ಕ ಹಾಗಿದೆ. ಸರಾಸರಿ ಮೂರು ದಿನಕ್ಕೊಮ್ಮೆ, ಗೊತ್ತುಗುರಿಯಿಲ್ಲದೆ ಬರುವ ತೊಂದರೆ ಏನೂ ಮಾಡದಿದ್ದರೂ ಸತತ ಮೂರು ದಿನ ಬಾರದೆ ಇರುವ ಸಾಧ್ಯತೆ ಶೇ. 37. ಅಂದರೆ ಯಾವ ಮದ್ದಾದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ 'ಕೆಲಸ ಮಾಡಿತು' ಅನಿಸುತ್ತದೆ, ನಿಂಬೆಹಣ್ಣೂ ಸೇರಿ. ಒಂಬತ್ತು ದಿನ ಬಾರದಿದ್ದರೆ ಮಾತ್ರ ಆ ಸಾಧ್ಯತೆ ಶೇ. 5ಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂಬತ್ತು ದಿನ ಕೈಕಟ್ಟಿ ಕಾಯುವುದು. ಬಾಡಿಗೆ ಕಟ್ಟಬೇಕಾದವನಿಗೆ ಇದು ಸುಲಭದ ಸಲಹೆಯಲ್ಲ.

ಎಲ್ಲರ ಬೆರಳೂ ಓವರ್‌ಕ್ಲಾಕಿನ ಕಡೆಗೇ ಇತ್ತು. ಅನುಮಾನ ಸಹಜವೇ. ಮೈಕ್ರೋಸಾಫ್ಟಿನ ಸಂಶೋಧಕರು 2011ರಲ್ಲಿ ಸುಮಾರು ಹತ್ತು ಲಕ್ಷ ಮನೆ ಕಂಪ್ಯೂಟರುಗಳ ಕುಸಿತದ ದಾಖಲೆ ನೋಡಿದಾಗ, ವೇಗ ಏರಿಸಿದ ಯಂತ್ರಗಳು ಹೆಚ್ಚು ಬೀಳುತ್ತವೆ, ಹೇಳಿದ್ದಕ್ಕಿಂತ ಇಳಿಸಿದವು ಕಡಿಮೆ ಬೀಳುತ್ತವೆ ಎಂದು ಕಂಡಿತ್ತು. ಹುಡುಗ ಒಲ್ಲದ ಮನಸ್ಸಿನಿಂದ ಪ್ರೊಸೆಸರನ್ನು ಕಂಪನಿಯ ವೇಗಕ್ಕೆ ತಂದ. ನಾಲ್ಕನೇ ದಿನ ಯಂತ್ರ ನಿಂತಿತು.

ಅವನು ಬೇಜಾರಿಗಿಂತ ಹೆಚ್ಚಾಗಿ ಗೆದ್ದವನ ಹಾಗೆ ಎದ್ದು ಓಡಾಡಿದನಂತೆ. ಮೊದಲ ಸಲ ಒಂದು ಸಂಗತಿ ಖಾತ್ರಿಯಾಗಿತ್ತು: ಆ ವೇಗವಿಲ್ಲದೆಯೂ ಇದು ನಿಲ್ಲುತ್ತದೆ.

ಬಯಾಸ್ ಪುಟದಲ್ಲಿ ಇನ್ನೊಂದು ಸಾಲಿತ್ತು: 'ಎಕ್ಸ್‌ಎಂಪಿ — ಪ್ರೊಫೈಲ್ 1'. ರ‍್ಯಾಮ್ 3200ರ ವೇಗದಲ್ಲಿ ಓಡಲೆಂದು ಯಂತ್ರ ಮಾರಿದವರೇ ಹಾಕಿಕೊಟ್ಟಿದ್ದು. ಆದರೆ ಆ ಪ್ರೊಸೆಸರಿಗೆ ಇಂಟೆಲ್ ಹೇಳಿದ ರ‍್ಯಾಮ್ ವೇಗ 2666. ಅಂದರೆ ಇದೂ ಓವರ್‌ಕ್ಲಾಕೇ. 'ಪ್ರೊಫೈಲ್' ಎಂಬ ಸಭ್ಯ ಹೆಸರಿದ್ದದ್ದಕ್ಕೆ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜೊತೆಗೆ ಫೆಬ್ರವರಿಯಲ್ಲಿ ಅವನು ಸಿಕಂದರಾಬಾದಿನ ಪಾರ್ಕ್ ಲೇನ್‌ಗೆ ಹೋಗಿ ಇನ್ನೆರಡು ಹಳೆಯ ರ‍್ಯಾಮ್ ಪಟ್ಟಿ ತಂದು ಸೇರಿಸಿದ್ದ, ಬೇರೆ ಕಂಪನಿಯವು. ಎರಡು ಪಟ್ಟಿಗಳ ಜೋಡಿಗೆಂದು ಬರೆದ ವೇಗದಲ್ಲಿ ಜಾತಿ ಬೇರೆಯಾದ ನಾಲ್ಕು ಓಡುತ್ತಿದ್ದವು. ಬೇಸಿಗೆಯೂ ಅದೇ ಹೊತ್ತಿಗೆ ಬಂದದ್ದರಿಂದ ಬಿಸಿಲಿನ ಮೇಲೆ ಆರೋಪ ಹೋಯಿತು.

ರಾತ್ರಿಯಿಡೀ ಪ್ರೈಮ್95 ಓಡಿಸಿ 'ಪಾಸ್' ಎಂದು ನಂಬಿದ್ದೂ ತಪ್ಪೇ. ಅವನು ಆರಿಸಿದ್ದ ಚಿಕ್ಕ ಪರೀಕ್ಷೆ ಪ್ರೊಸೆಸರಿನ ಕ್ಯಾಶ್‌ನೊಳಗೇ ಮುಗಿಯುತ್ತದೆ, ರ‍್ಯಾಮಿನ ಬಾಗಿಲಿಗೆ ಹೋಗುವುದು ಕಡಿಮೆ. ಮೆಮ್‌ಟೆಸ್ಟ್ ರಾತ್ರಿ ಸ್ವಚ್ಛವಾಗಿ ಮುಗಿಯಿತು. ಮರುದಿನ ಮಧ್ಯಾಹ್ನ ಎರಡೂವರೆಗೆ ಒಂದೇ ಒಂದು ಕೆಂಪು ಸಾಲು ಬಂತು. ರ‍್ಯಾಮನ್ನು 2666ಕ್ಕೆ ಇಳಿಸಿದ. ಒಂಬತ್ತು ದಿನ ಕಳೆಯಿತು, ಹನ್ನೆರಡೂ ಕಳೆಯಿತು. ಪ್ರೊಸೆಸರನ್ನು ಮತ್ತೆ 4.9ಕ್ಕೆ ಏರಿಸಿದ. ಇನ್ನೂ ಹತ್ತು ದಿನ, ಏನೂ ಆಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತಪ್ಪುವ ರ‍್ಯಾಮ್ ಯಂತ್ರವನ್ನು ನಿಲ್ಲಿಸಿದರೆ ಅದು ಪುಣ್ಯ. ಎಷ್ಟೋ ಸಲ ನಿಲ್ಲಿಸದೆ ಒಂದು ಬಿಟ್ಟನ್ನು ಸುಮ್ಮನೆ ತಿರುಗಿಸುತ್ತದೆ. ಸರ್ವರುಗಳಲ್ಲಿರುವ ಇಸಿಸಿ ರ‍್ಯಾಮ್ ಅಂಥ ತಪ್ಪು ಹಿಡಿದು ತಿದ್ದುತ್ತದೆ, ಮಾಮೂಲಿ ಡೆಸ್ಕ್‌ಟಾಪಿನಲ್ಲಿ ಆ ಕಾವಲಿಲ್ಲ. ಏಪ್ರಿಲಿನಲ್ಲಿ ಅಕ್ಕನ ಮದುವೆಯಾಗಿತ್ತು. ಕಾರ್ಡಿನಿಂದ ಫೈಲುಗಳನ್ನು ಇಳಿಸಿಕೊಂಡಿದ್ದು ಇದೇ ಯಂತ್ರಕ್ಕೆ. ಜಾಣತನದಿಂದ ಇನ್ನೊಂದು ಡಿಸ್ಕಿಗೂ ನಕಲು ಮಾಡಿದ್ದ, ಆದರೆ ಮೊದಲ ನಕಲಿನಿಂದ. ಕೆಟ್ಟದ್ದೂ ಹಾಗೇ ನಕಲಾಯಿತು. ಕಾರ್ಡು ಬೇರೆಯವರದು, ಫಾರ್ಮ್ಯಾಟ್ ಆಗಿ ಹೋಗಿತ್ತು.

38 ಫೈಲುಗಳನ್ನು ಒಂದೊಂದಾಗಿ ತೆರೆದು ಕೊನೆಯವರೆಗೆ ನೋಡಿದ. 36 ಸರಿ ಇದ್ದವು, ಕಣ್ಣಿಗೆ ಕಂಡಷ್ಟು. ಎರಡು ತೆರೆಯಲಿಲ್ಲ. ಒಂದು ಅಕ್ಕಿಕಾಳಿನ ಹೊತ್ತಿನದು. ಇನ್ನೊಂದು ಅಜ್ಜಿ ಹಾಡಿದ್ದು. ಮಳೆಗಾಲದ ಹೊತ್ತಿಗೆ ಅಜ್ಜಿ ಇರಲಿಲ್ಲ.

ಆ ಎರಡನ್ನೂ ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿ ಸರಿಪಡಿಸುವ ಸಾಫ್ಟ್‌ವೇರ್ ಓಡಿಸಿದ. ಮೊದಲನೆಯದು ಏಳಲಿಲ್ಲ. ಅಜ್ಜಿಯದು ತೆರೆಯಿತು: ಹನ್ನೊಂದು ಸೆಕೆಂಡು ಚಿತ್ರ, ಆಮೇಲೆ ಹಸಿರು ಚೌಕಗಳು, ಹಾಡು ಮಾತ್ರ ಕೊನೆಯವರೆಗೆ. ಅದನ್ನು ಆಡಿಯೋ ಮಾಡಿ ಅಪ್ಪನಿಗೆ ಕಳಿಸಿದ.