ಹೋಗಿ ಬನ್ನಿ

ನಾನು ಕನ್ನಡದ ಮೇಷ್ಟ್ರಾದರೂ ಕ್ರಿಕೆಟ್ಟಿನ ಹುಚ್ಚ. ರನ್ನನ ಪಾಠ ಹೇಳುವಾಗ ನನಗೆ ಭೀಮನ ಗದೆಯೂ ಬ್ಯಾಟಿನಂತೆ ಕಾಣುತ್ತದೆಂದು ವಿದ್ಯಾರ್ಥಿಗಳು ಹಾಸ್ಯ ಮಾಡುವುದುಂಟು. 2022ರ ಮಾರ್ಚಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಿಷಭ್ ಪಂತ್ ಶ್ರೀಲಂಕಾದ ಎದುರು 28 ಎಸೆತಗಳಲ್ಲಿ ಅರ್ಧ ಶತಕ ಹೊಡೆದಾಗ ಎದ್ದು ಕುಣಿದವರಲ್ಲಿ ನಾನೂ ಒಬ್ಬ. ನಲವತ್ತು ದಾಟಿದೆಯೆಂಬುದು ಮರುದಿನ ಸೊಂಟ ಹಿಡಿದಾಗ ನೆನಪಾಯಿತು.

ಆ ವರ್ಷದ ಕೊನೆಗೆ ನಮ್ಮೂರು ಈಸೂರಿಗೆ ಹೋಗಿದ್ದೆ. ಡಿಸೆಂಬರ್ 30ರಂದು ಸುದ್ದಿ ಬಂತು: ರೂರ್ಕಿಯ ಹತ್ತಿರ ಪಂತನ ಕಾರು ರಸ್ತೆಯ ವಿಭಜಕಕ್ಕೆ ಬಡಿದು ಹೊತ್ತಿ ಉರಿದಿದೆ, ಹುಡುಗ ಬದುಕಿದ್ದಾನೆ, ಮೊಣಕಾಲಿಗೆ ಪೆಟ್ಟು. ನನ್ನ ಬಾಯಿಂದ ಹೊರಟ ಮೊದಲ ಮಾತನ್ನು ಬರೆಯಲು ಈಗ ನಾಚಿಕೆ. "ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದವರು ಬರುತ್ತಾರಲ್ಲ, ಇನ್ನು ವಿಕೆಟ್ ಕಾಯುವವರು ಯಾರು?" ಎಂದೆ.

ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೈ ನಿಲ್ಲಿಸಿ, "ಆ ಹುಡುಗ ಅಷ್ಟೊತ್ತಿನಾಗ ಎಲ್ಲಿಗೆ ಹೊಂಟಿದ್ನಂತೆ, ತಮ್ಮಾ?" ಎಂದಳು.

ತಾಯಿಯನ್ನು ನೋಡಲು ಹೊರಟಿದ್ದ. ಅದೂ ಸುದ್ದಿಯಲ್ಲಿತ್ತು, ನಾನು ಅದನ್ನು ದಾಟಿ ಮೊಣಕಾಲಿಗೆ ಹೋಗಿದ್ದೆ.

ಮೊದಲು ಅವನ ನೆರವಿಗೆ ಓಡಿದವರಲ್ಲಿ ಹರಿಯಾಣ ಸಾರಿಗೆ ಬಸ್ಸಿನ ಚಾಲಕ ಸುಶೀಲ್ ಕುಮಾರ್ ಒಬ್ಬರು. ಅವರು ಕ್ರಿಕೆಟ್ ನೋಡುವವರಲ್ಲವಂತೆ. ಬಿದ್ದಿದ್ದವನು ಯಾರೆಂದೂ ತಿಳಿಯದಂತೆ. ಅಭಿಮಾನವಿಲ್ಲದವರ ಕಣ್ಣಿಗೆ ಮನುಷ್ಯ ಬಿದ್ದ. ಅಭಿಮಾನಿಯ ಕಣ್ಣಿಗೆ ಬಿದ್ದದ್ದು ಬರಿಯ ಮೊಣಕಾಲು.

ಆಮೇಲೆ ಇನ್ನೊಂದು ಸುದ್ದಿ ನೆನಪಾಯಿತು. 2019ರ ಅಕ್ಟೋಬರ್ 14ರಂದು ಮಧ್ಯಪ್ರದೇಶದ ಹೋಶಂಗಾಬಾದಿನ ಬಳಿ ಕಾರು ಮರಕ್ಕೆ ಬಡಿದು ನಾಲ್ವರು ಯುವ ಹಾಕಿ ಆಟಗಾರರು ತೀರಿಕೊಂಡರು. ಧ್ಯಾನಚಂದ್ ಟ್ರೋಫಿ ಆಡುವುದಕ್ಕೆಂದು ಬಂದಿದ್ದ ಹುಡುಗರು. ಅವರ ಹೆಸರು ನಾನು ಕೇಳಿರಲಿಲ್ಲ. ಅಷ್ಟಕ್ಕೇ ಪುಟ ಮಗುಚಿದ್ದೆ.

ನಮ್ಮೂರ ಹೆಸರು ಓದುಗರಿಗೆ ಗೊತ್ತು. 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಊರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆಯನ್ನು ಬಂದವರಿಗೆ ನಾನು ಎದೆಯುಬ್ಬಿಸಿ ಹೇಳುತ್ತೇನೆ. 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಐವರ ಮಾತು ಬಂದರೆ ಅವ್ವ ಘೋಷಣೆ ಹೇಳುವುದಿಲ್ಲ. "ಐದು ಮನಿಯವರು ತಿರುಗಿ ಬರಲಿಲ್ಲ" ಎನ್ನುತ್ತಾಳೆ, ಅಷ್ಟೆ.

ಪಂತ್ ತಿರುಗಿ ಬಂದ. 2024ರ ಮಾರ್ಚಿನಲ್ಲಿ ಮೈದಾನಕ್ಕಿಳಿದ. ಸೆಪ್ಟೆಂಬರಿನಲ್ಲಿ ಚೆನ್ನೈನ ಟೆಸ್ಟಿನಲ್ಲಿ ಬಾಂಗ್ಲಾದೇಶದ ಎದುರು 109 ಹೊಡೆದ. ನಾನು ಮತ್ತೆ ಕುಣಿದೆ. ಹುಚ್ಚು ಬಿಟ್ಟಿಲ್ಲ.

ಈಚೆಗೆ ಊರಿನ ಹುಡುಗರು ರಾತ್ರಿಯ ಕಬಡ್ಡಿ ಪಂದ್ಯಕ್ಕೆ ಹೊರಟರು. ಐವರು ಕೂರುವ ಕಾರಿನಲ್ಲಿ ಒಂಬತ್ತು ಮಂದಿ; ನನ್ನಣ್ಣನ ಮಗನೂ ಅದರೊಳಗೆ. "ಗೆದ್ದು ಬನ್ನಿ" ಎಂದು ಕೂಗಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದು ನಾಲ್ವರನ್ನು ಕೆಳಗಿಳಿಸಿದಳು. ಹುಡುಗರು ಗೊಣಗಿದರು. ಇನ್ನೊಂದು ಗಾಡಿ ಹೊಂದಿಸಲು ಅರ್ಧ ಗಂಟೆ ಹಿಡಿಯಿತು. ಬಾಡಿಗೆ ನಾನು ಕೊಟ್ಟೆ. ಹೊರಡುವಾಗ ಅವಳಂದದ್ದು ಎರಡೇ ಮಾತು: "ಹೋಗಿ ಬರ್ರಿ."

ಹೊರಟು ನಿಂತವರಿಗೆ ನಮ್ಮವರು ಬರಿಯ "ಹೋಗಿ" ಎನ್ನುವುದಿಲ್ಲ. ಇಷ್ಟು ವರ್ಷ ವ್ಯಾಕರಣ ಹೇಳಿದವನು, ಆ ಮಾತಿನ ಭಾರವೆಲ್ಲ ಎರಡನೆಯ ಪದದ ಮೇಲಿದೆಯೆಂಬುದನ್ನು ಅಂದು ಜಗಲಿಯ ಮೇಲೆ ಎಚ್ಚರವಾಗಿ ಕುಳಿತು ಕಲಿತೆ. ಎರಡು ಗಂಟೆಯ ಹೊತ್ತಿಗೆ ಕಾರುಗಳ ಸದ್ದಾಯಿತು. ಗೆದ್ದರೋ ಸೋತರೋ ಎಂದು ಕೇಳಿದ್ದು ಬೆಳಗಾದ ಮೇಲೆ.